ಬಾಯಿ ಮುಚ್ಚಿಸಿದ ಸಾಲು

ಬೀಗ ಬಿದ್ದಿದೆಯೋ ಇಲ್ಲವೋ ಎಂದು ನೋಡಲು ಅವಳು ಬೀದಿಯ ತಿರುವಿನಿಂದ ಮತ್ತೆ ವಾಪಸು ಬಂದಳು. ಇದು ಎರಡನೆಯ ಸಲ. ಬಾಗಿಲಲ್ಲಿ ಈ ಹೊತ್ತು ನೇತಾಡುತ್ತಿದ್ದದ್ದು ಪೆಟ್ಟಿಗೆಗೆ ಹಾಕುವ ಪುಟ್ಟ ಬೀಗ. ಮನೆಯ ನಿಜವಾದ ಬೀಗ, ಅಂಗೈ ಅಗಲದ್ದು, ಅವಳ ಕೈಚೀಲದ ತಳದಲ್ಲಿ ಊಟದ ಡಬ್ಬಿಗೆ ಬಡಿದು ಟಣ್ಣೆನ್ನುತ್ತಿತ್ತು. ಅದರ ಬೀಗದ ಕೈ ಸವೆದುಹೋಗಿತ್ತು. ತಿರುಗಿಸಿದರೆ ತಿರುಗುತ್ತಿತ್ತು, ಆದರೆ ಬೀಗ ಬಿದ್ದು ತಿರುಗಿತೋ ಸುಮ್ಮನೆ ತಿರುಗಿತೋ ಹೇಳುವಂತಿರಲಿಲ್ಲ. ಆರು ತಿಂಗಳಿಂದ ಅವಳು ದಿನಾ ಎಳೆದು ನೋಡುತ್ತಿದ್ದಳು, ದಿನಾ ಅದು ಬಿದ್ದೇ ಇರುತ್ತಿತ್ತು. “ನೀನು ಎಳೆಯೋದು ನೋಡಿದ್ರೆ ಬೀಗಕ್ಕೇ ತನ್ನ ಮೇಲೆ ಅನುಮಾನ ಬಂದಿರುತ್ತೆ” ಎಂದು ಗಂಡ ಬೆಳಿಗ್ಗೆ ಅದನ್ನು ಕಳಚಿ ತಾನೇ ಅವಳ ಚೀಲಕ್ಕೆ ಹಾಕಿದ್ದ. ಅವನು ಕನ್ನಡಕದ ಅಂಗಡಿಯವನು. ಕಣ್ಣೆದುರು ಇರುವುದನ್ನು ಜನ ಕಾಣದೆ ತಡಕಾಡುವುದು ಅವನಿಗೆ ದಿನದ ವ್ಯಾಪಾರ, ಅದಕ್ಕೆಲ್ಲ ಕೋಪ ಮಾಡಿಕೊಳ್ಳುವವನಲ್ಲ. “ಸೇತುವೆ ಕೆಳಗೆ ಒಬ್ಬ ಕೂರ್ತಾನಲ್ಲ, ಅವನ ಹತ್ರ ಹೊಸ ಕೈ ಮಾಡಿಸು. ಮೂರು ಸಲ ಹಾಕಿ ತೆಗೆದು ನೋಡದೆ ಕೊಡೋದೇ ಇಲ್ವಂತೆ. ನಿನಗೆ ಸರಿಯಾದ ಜೋಡಿ.” ಆ ಒಬ್ಬ ಯಾರೆಂದು ಗಂಡನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಸೇತುವೆ ಬಂದಾಗೆಲ್ಲ ಅವಳು ರಸ್ತೆ ದಾಟಿ ಆಚೆ ಬದಿಯಲ್ಲೇ ನಡೆಯುತ್ತಿದ್ದಳು. ಏಕೆಂದು ಕೇಳಿದರೆ ಆಚೆ ಬದಿ ನೆರಳಿರುತ್ತದೆ ಅನ್ನುತ್ತಿದ್ದಳು. ಮೋಡ ಕವಿದ ದಿನವೂ.

ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಅವಳು ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು. ಲಿಫ್ಟು ನಡೆಸುವ ಪ್ರೋಗ್ರಾಂ ಬರೆಯುವ ಕಂಪನಿಯಲ್ಲಿ ಲಿಫ್ಟು ಹತ್ತದವಳು ಎಂದು ಅವಳ ಮೇಲೆ ಒಂದು ಹಳೆಯ ತಮಾಷೆ ಇತ್ತು. ಅವಳೂ ನಗುತ್ತಿದ್ದಳು, ಮೊಣಕಾಲಿಗೆ ವ್ಯಾಯಾಮ ಎನ್ನುತ್ತಿದ್ದಳು. ಈ ಹೊತ್ತು ಮೆಟ್ಟಿಲ ಮೇಲೆ ಚೀಲದೊಳಗಿನ ಬೀಗ ಹೆಜ್ಜೆಗೊಮ್ಮೆ ತೊಡೆಗೆ ಗುದ್ದುತ್ತಿತ್ತು. ಮೇಲೆ ಅವಳ ಪರದೆಯಲ್ಲಿ ಹಳದಿ ಸಾಲುಗಳು ಕಾದಿದ್ದವು. ಮುನ್ನೂರ ನಲವತ್ತೊಂದು ಇದ್ದದ್ದು ಹನ್ನೊಂದು ದಿನ ಕೂತು ಕೆರೆದ ಮೇಲೆ ಮೂವತ್ತೆಂಟಕ್ಕೆ ಇಳಿದಿತ್ತು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಿಕೊಡುವ ಕಂಪೈಲರ್ ಎಂಬ ಮಧ್ಯವರ್ತಿ ದಾರಿಯುದ್ದಕ್ಕೂ ಗೊಣಗುತ್ತ ಬರುತ್ತದೆ. ಇಲ್ಲಿ ಸೊನ್ನೆಯಿಂದ ಭಾಗಿಸಿಬಿಟ್ಟೀಯ, ಇಲ್ಲಿ ಬೆಲೆ ಕೊಡದೆಯೇ ಬಳಸಿಬಿಟ್ಟೀಯ, ಈ ಬಾಗಿಲು ಎಂದೂ ತೆರೆಯುವುದಿಲ್ಲವೇನೋ. ಅವಳು ಒಂದೊಂದು ಸಾಲಿಗೂ ಹೋಗಿ, ಅದರ ಹಿಂದಿನ ಹತ್ತು ಸಾಲು ಓದಿ, ಹಿಂದಿನ ಫೈಲು ತೆಗೆದು ನೋಡಿದರೆ ಎಲ್ಲವೂ ಸರಿಯಾಗಿರುತ್ತಿತ್ತು. ಮುನ್ನೂರ ಮೂರು ಸಲ ಹೋಗಿ ನೋಡಿದ್ದಳು. ಮುನ್ನೂರ ಮೂರು ಸಲವೂ ಸುಳ್ಳು. ಒಂದಾದರೂ ನಿಜವಾಗಿದ್ದರೆ, ಒಂದೇ ಒಂದು ತಪ್ಪು ಸಿಕ್ಕಿದ್ದರೆ, ಹನ್ನೊಂದು ದಿನಕ್ಕೆ ಅರ್ಥವಾದರೂ ಬರುತ್ತಿತ್ತು ಎಂದು ಅವಳಿಗೆ ಅನ್ನಿಸಿ, ತಪ್ಪಿಗಾಗಿ ಹಂಬಲಿಸುವ ಸ್ಥಿತಿಗೆ ಬಂದೆನಲ್ಲ ಎಂದು ನಾಚಿಕೆಯೂ ಆಗಿತ್ತು. ತನ್ನ ಕೈಯಿಂದ ಬಂದ ಸಾಲುಗಳ ಮೇಲೇ ಈಗ ಅವಳಿಗೆ ನಂಬಿಕೆ ಕುಂದಿತ್ತು. ದಿನಕ್ಕೆ ಮೂವತ್ತು ಸಲ ಕಳ್ಳಿ ಎನ್ನಿಸಿಕೊಂಡವಳು ಸಂಜೆ ಹೊತ್ತಿಗೆ ಸೆರಗು ಕೊಡವಿ ನೋಡಿಕೊಳ್ಳುತ್ತಾಳೆ.

“ಅಕ್ಕ, ಇದು ಥೇಟ್ ನಮ್ಮತ್ತೆ” ಎಂದಳು ಪಕ್ಕದ ಮೇಜಿನವಳು, ತನ್ನ ಪಾಲಿನ ಹಳದಿ ಸಾಲುಗಳನ್ನು ಇಳಿಸುತ್ತ. “ಒಲೆ ಆರಿಸಿದ್ಯಾ, ನಲ್ಲಿ ನಿಲ್ಲಿಸಿದ್ಯಾ, ಹಾಲು ಮುಚ್ಚಿದ್ಯಾ. ಹೂಂ ಅತ್ತೆ, ಹೂಂ ಅತ್ತೆ. ಒಂದಿನ ನಿಜವಾಗ್ಲೂ ಹಾಲು ಚೆಲ್ಲಿಬಿಡೋಣ ಅನ್ಸುತ್ತೆ, ಅವರ ಮನಸ್ಸಿಗಾದ್ರೂ ಸಮಾಧಾನ ಆಗ್ಲಿ.”

“ನೀನು ಹೇಗೆ ಇಷ್ಟು ಬೇಗ ಮುಗಿಸ್ತಿದೀಯ?”

“ಸೊನ್ನೆ ಹಾಕ್ತಿದೀನಿ. ಬೆಲೆ ಇಲ್ಲ ಅಂತ ಬೊಬ್ಬೆ ಹೊಡೀತಾ? ತಗೋ ಸೊನ್ನೆ, ಬಾಯಿ ಮುಚ್ಚು. ಕಾರಣ ಬರೀತಾ ಕೂತ್ರೆ ಮೂರು ಸಹಿ ಬೇಕು ಅಕ್ಕ, ಒಬ್ಬರು ರಜ, ಒಬ್ಬರು ಮೀಟಿಂಗು, ಇನ್ನೊಬ್ಬರಿಗೆ ಓದೋಕೇ ಬರಲ್ಲ.”

ಕ್ರಮ ಹಾಗೆಯೇ ಇತ್ತು, ಮೊದಲಿನಿಂದಲೂ. ಎಚ್ಚರಿಕೆ ಸುಳ್ಳೆಂದು ಖಾತ್ರಿಯಾದರೆ ಏಕೆ ಸುಳ್ಳೆಂದು ನಮೂನೆಯಲ್ಲಿ ಬರೆದು ಮೂವರಿಂದ ಸಹಿ ಹಾಕಿಸಿ ಸಾಲನ್ನು ಹಾಗೇ ಬಿಡಬಹುದು. ಇಲ್ಲವೇ ಸರಿಯಿರುವ ಸಾಲನ್ನೇ ಒಂದಿಷ್ಟು ತಿದ್ದಿ ಕಂಪೈಲರಿನ ಬಾಯಿ ಮುಚ್ಚಿಸಬಹುದು. ಅದಕ್ಕೆ ಯಾರ ಸಹಿಯೂ ಬೇಡ. ಸುಮ್ಮನಿರಲು ಮೂರು ಸಹಿ, ಕೈಯಾಡಿಸಲು ಒಂದೂ ಇಲ್ಲ. ಇದನ್ನು ಬದಲಿಸಿ ಎಂದು ಅವಳು ಪೊರಕೆಗೆ ಹೇಳಿ ನೋಡಿದ್ದಳು. ಪೊರಕೆ ಎಂದರೆ ಆರು ತಿಂಗಳ ಹಿಂದೆ ಬಂದ ಮೇಲಧಿಕಾರಿ. ಬಂದ ದಿನವೇ ಎಲ್ಲರ ಮೇಜು ಗುಡಿಸಿಸಿದ್ದರಿಂದ ಆ ಹೆಸರು. ಕೆಟ್ಟ ಮನುಷ್ಯನಲ್ಲ. ಒಂದೂ ಎಚ್ಚರಿಕೆ ಇಲ್ಲದೆ ಪ್ರೋಗ್ರಾಂ ಇಳಿಯುತ್ತದೆ ಎಂದು ಈ ಸಂಜೆ ಐದಕ್ಕೆ ದೊಡ್ಡ ಗಿರಾಕಿಯೊಬ್ಬರಿಗೆ ಬರೆದುಕೊಡಬೇಕಾಗಿದ್ದ ಮನುಷ್ಯ, ಅಷ್ಟೆ. ಅವರು ಹನ್ನೊಂದು ಗಂಟೆಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಎಲ್ಲ ಸ್ವಲ್ಪ ಈ ಕಡೆ ನೋಡಿ. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಒಂದು ಫೈಲು, ಹೊಸ ಕಂಪೈಲರ್ ಬಂದ ಮೊದಲ ದಿನದಿಂದಲೂ ತುಟಿಪಿಟಿಕ್ಕೆಂದಿಲ್ಲ. ಒಂದೂ ಹಳದಿ ಇಲ್ಲ. ಕರೆಂಟು ಹೋಗಿ ಬಂದಾಗ ಲಿಫ್ಟು ಏನು ಮಾಡಬೇಕು ಅನ್ನೋ ಫೈಲು. ಯಾರು ಬರೆದದ್ದು ಅಂತ ನೋಡಿದೆ. ನಮ್ಮ ಅಕ್ಕ! ಒಂಬತ್ತು ವರ್ಷದ ಹಿಂದೆ! ಕೆಲಸ ಅಂದ್ರೆ ಇದು.” ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದ ಮೇಜಿನವಳು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಅವಳು ಅರ್ಧ ಎದ್ದು ನಿಂತು, ಏಕೆ ಎದ್ದೆ ಎಂದು ತಿಳಿಯದೆ, ಮತ್ತೆ ಕೂತಳು.

ಆ ಫೈಲನ್ನು ಬರೆದವಳು ಅವಳಲ್ಲ. ಬರೆದವರು ಅವಳಿಗೆ ಕೆಲಸ ಕಲಿಸಿದ ಹಿರಿಯರು, ಈಗ ಇಲ್ಲ. ಅವಳು ಅದರಲ್ಲಿ ಕೈಯಾಡಿಸಿದ್ದು ಒಂದೇ ಮಧ್ಯಾಹ್ನ, ಕೊನೆಗೆ ತಿದ್ದಿದವಳೆಂದು ಅವಳ ಹೆಸರು ಉಳಿದಿತ್ತು, ಅಷ್ಟೆ. ಆಗಲೂ ಹೀಗೆಯೇ ಎಚ್ಚರಿಕೆ ಇಳಿಸುವ ಒಂದು ವಾರ ನಡೆದಿತ್ತು. ಆ ಮಧ್ಯಾಹ್ನ ಅವಳಿಗೆ ತಲೆನೋವಿತ್ತು, ಕಿಟಕಿಯ ಹೊರಗೆ ಯಾರೋ ರಸ್ತೆ ಅಗೆಯುತ್ತಿದ್ದರು, ಹದಿನಾಲ್ಕು ಹಳದಿ ಸಾಲು, ಹದಿನಾಲ್ಕಕ್ಕೂ ಸೊನ್ನೆ, ಇಪ್ಪತ್ತು ನಿಮಿಷದ ಕೆಲಸ. ಈಗ ಅವಳು ಆ ಫೈಲು ತೆಗೆದಳು. ಸೊನ್ನೆಗಳು ಒಂದರ ಕೆಳಗೊಂದು ಸಾಲಾಗಿ, ತೊಳೆದು ಬೋರಲು ಹಾಕಿದ ಲೋಟಗಳ ಹಾಗೆ ಕೂತಿದ್ದವು. ಆರನೆಯದರ ಎದುರಿಗಿದ್ದ ಹೆಸರು ‘ಮಹಡಿ’. ಅವಳು ಅದನ್ನೇ ನೋಡುತ್ತ ಕೂತಳು. ಹಿರಿಯರು ಕಲಿಸಿದ್ದು ನೆನಪಾಗುವುದಕ್ಕೆ ಅವರ ದನಿ ಮೊದಲು ನೆನಪಾಗಬೇಕಿತ್ತು. “ಕರೆಂಟು ಬಂದಾಗ ಲಿಫ್ಟಿಗೆ ತಾನೆಲ್ಲಿದೀನಿ ಅಂತ ಗೊತ್ತಿರಲ್ಲಮ್ಮ. ಮಹಡಿ ನೋಡೋ ಕಣ್ಣು, ಅದೇ ಸೆನ್ಸರು, ಎಚ್ಚರ ಆಗೋಕೆ ಎರಡು ಸೆಕೆಂಡು ಬೇಕು. ಅಲ್ಲೀತನಕ ಅದು ‘ಗೊತ್ತಿಲ್ಲ’ ಅನ್ನಬೇಕು. ಗೊತ್ತಿಲ್ಲ ಅಂದವನು ಬಾಗಿಲು ತೆಗೆಯಲ್ಲ.” ಆ ‘ಗೊತ್ತಿಲ್ಲ’ವನ್ನು ಅವರು ಬೇರೊಂದು ಫೈಲಿನಲ್ಲಿ ಇಟ್ಟಿದ್ದರು. ಕಂಪೈಲರಿಗೆ ಆ ಫೈಲು ಕಾಣುತ್ತಿರಲಿಲ್ಲ, ಅದಕ್ಕೇ ಮಹಡಿಗೆ ಬೆಲೆಯೇ ಇಲ್ಲವಲ್ಲ ಎಂದು ಅದು ಕೂಗಿತ್ತು. ಸುಳ್ಳು ಕೂಗು. ಅವಳು ಅದರ ಬಾಯಿಗೆ ಸೊನ್ನೆ ತುರುಕಿದ್ದಳು. ‘ಗೊತ್ತಿಲ್ಲ’ದ ಮೇಲೆ ಸೊನ್ನೆ ಬಿದ್ದಿತ್ತು, ಸೊನ್ನೆ ಎಂದರೆ ಲಿಫ್ಟಿಗೆ ನೆಲಮಹಡಿ. ಎಲ್ಲೇ ತೂಗಾಡುತ್ತಿರಲಿ, ಕರೆಂಟು ಬಂದ ಮೊದಲ ಎರಡು ಸೆಕೆಂಡು ಅದು ತಾನು ನೆಲದ ಮೇಲೇ ಇದ್ದೇನೆ ಎಂದು ನಂಬುತ್ತಿತ್ತು. ನೆಲದ ಮೇಲಿರುವ ಲಿಫ್ಟು ಬಾಗಿಲು ತೆಗೆಯುತ್ತದೆ.

ಪಕ್ಕದ ಮೇಜಿನವಳು ಏನೋ ಕೇಳಿದಳು, ಅವಳು ಹೂಂ ಎಂದಳು. ಸೊನ್ನೆ ಹಾಕಿದ ಅದೇ ವರ್ಷ, ಅವರ ಪ್ರೋಗ್ರಾಂ ನಡೆಸುತ್ತಿದ್ದ ಲಿಫ್ಟೊಂದರಲ್ಲಿ ಕರೆಂಟು ಹೋಗಿ ಬಂದಾಗ, ಒಬ್ಬ ದಂತವೈದ್ಯೆ ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಬಾಗಿಲು ತೆರೆಯಿತೆಂದು ಹೊರಗಿನ ಕತ್ತಲಿಗೆ ಕಾಲಿಟ್ಟಿದ್ದಳು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಪುಣ್ಯಕ್ಕೆ ಜೀವ ಉಳಿದಿತ್ತು. ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನಾಚೆ ನಾಲ್ಕು ಜನ ಇದ್ದರು, ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಪ್ರೋಗ್ರಾಮಿನಲ್ಲಿ ಇತ್ತೀಚೆಗೆ ಏನಾದರೂ ಬದಲಾಗಿದೆಯೆ ಎಂದು ಕೇಳಿದ್ದರು. ಅವಳು ಹೇಳಿದ್ದಳು, “ಏನೂ ಬದಲಾಗಿಲ್ಲ ಸಾರ್. ಎಚ್ಚರಿಕೆಗಳನ್ನ ತೆಗೆದ್ವಿ, ಅಷ್ಟೆ.” ಸುಳ್ಳು ಹೇಳಿರಲಿಲ್ಲ. ಹಾಗೆಂದೇ ನಂಬಿದ್ದಳು. ಕೋಣೆಯ ಹೊರಗೆ ಬೆಂಚಿನ ಮೇಲೆ ತಿರುಪಪ್ಪ ಕೂತಿದ್ದ, ಆ ಲಿಫ್ಟನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಅಂಗಿಯ ಜೇಬಿನಲ್ಲಿ ಯಾವಾಗಲೂ ಹತ್ತಾರು ತಿರುಪು ಇಟ್ಟುಕೊಂಡು ಓಡಾಡುವುದರಿಂದ ಕಂಪನಿಯೇ ಇಟ್ಟ ಹೆಸರು. ಮಹಡಿ ನೋಡುವ ಕಣ್ಣನ್ನು ಗೋಡೆಗೆ ಹಿಡಿದಿಟ್ಟ ತಿರುಪು ಸಡಿಲವಾಗಿತ್ತೆಂದು ಪರೀಕ್ಷೆಯವರು ಬರೆದಿದ್ದರು. ವೈದ್ಯೆಯನ್ನು ಎಳೆದು ತೆಗೆಯುವಾಗ ಜನ ಅದೇ ಗೋಡೆಯನ್ನು ಹಾರೆಯಿಂದ ಮೀಟಿದ್ದರು ಎಂಬುದನ್ನು ಯಾರೂ ಬರೆದಿರಲಿಲ್ಲ. ಅವನು ತನ್ನ ನೀರಿನ ಬಾಟಲಿ ಅವಳ ಕಡೆ ಚಾಚಿ ಕೇಳಿದ್ದ. “ತಂಗೀ, ನಿನ್ನ ಪ್ರೋಗ್ರಾಮಿಂದೇನೂ ತಪ್ಪಿಲ್ಲ ತಾನೆ?” ಇಲ್ಲ ಎಂದಿದ್ದಳು. ನೀರು ಕುಡಿದಿದ್ದಳು. “ಹಾಗಾದ್ರೆ ನಂದೇ ಇರ್ಬೇಕು” ಎಂದಿದ್ದ ಅವನು, ಅಷ್ಟೇ ಸಲೀಸಾಗಿ. ಅವನ ಕೆಲಸ ಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ, ಸರಿ. ಎಮ್ಮೆ ತಾನಾಗಿ ಬಂದು ಬೆನ್ನು ಕೊಟ್ಟರೆ ಏನು ಮಾಡಬೇಕು?

ನಾಲ್ಕು ಗಂಟೆಗೆ ಅವಳು ಆ ಸೊನ್ನೆಯನ್ನು ಅಳಿಸಿದಳು. ಪರದೆಯಲ್ಲಿ ಒಂದು ಹಳದಿ ಸಾಲು ಮೂಡಿತು. ಅಷ್ಟು ಹೊತ್ತಿಗೆ ಉಳಿದ ಮೂವತ್ತೆಂಟೂ ತೊಳೆದುಹೋಗಿದ್ದವು, ಕಚೇರಿಯಲ್ಲಿ ಇದ್ದದ್ದು ಇದೊಂದೇ. ಪೊರಕೆ ಹತ್ತು ಹೆಜ್ಜೆ ದೂರದಿಂದಲೇ ಅದನ್ನು ಕಂಡು ಬಂದರು.

“ಇದೇನಕ್ಕ? ಬೆಳಿಗ್ಗೆ ತಾನೆ ಹೊಗಳಿದೆ.”

“ಇಲ್ಲಿ ಸೊನ್ನೆ ಇರಬಾರದು ಸಾರ್. ಇಲ್ಲಿ ‘ಗೊತ್ತಿಲ್ಲ’ ಅಂತ ಇರಬೇಕು. ಒಂಬತ್ತು ವರ್ಷದ ಹಿಂದೆ ಆದ ಅಪಘಾತ ಇದರಿಂದ.”

ಅವರು ಕುರ್ಚಿ ಎಳೆದು ಕೂತು, ಕೇಳಿದರು, ಅರ್ಥ ಮಾಡಿಕೊಂಡರು. ಅವಳಿಗೆ ಬೇಕಿದ್ದದ್ದು ಅವರಿಗೆ ಅರ್ಥವಾಗದಿರುವುದೇನೋ. “ಆಮೇಲೆ ಎಲ್ಲ ಲಿಫ್ಟಿಗೂ ಬಾಗಿಲ ಹತ್ರ ಎರಡನೇ ಕಣ್ಣು ಹಾಕಿದೀವಿ, ಅಲ್ವಾ? ಈಗ ಈ ಸೊನ್ನೆ ಇದ್ರೂ ಬಾಗಿಲು ತೆಗೆಯಲ್ಲ.”

“ತೆಗೆಯಲ್ಲ.”

“ಯಾರಿಗೂ ಅಪಾಯ ಇಲ್ಲ.”

“ಇಲ್ಲ.”

“ಹಾಗಾದ್ರೆ ಇದು ಬರೀ ಹಳೇ ಕಥೆ. ಸೊನ್ನೆ ಹಾಕಿ. ಐದಕ್ಕೆ ನಾನು ಕಾಗದ ಕಳಿಸ್ಬೇಕು. ಬೇಕಾದ್ರೆ ಮುಂದಿನ ತಿಂಗಳು ಕೂತು ಮಾತಾಡೋಣ, ನಮೂನೆ ತುಂಬೋಣ, ಸಹಿ ಮಾಡಿಸೋಣ.” ಅವರು ಎದ್ದು ಅವಳ ಭುಜ ತಟ್ಟುವುದೋ ಬೇಡವೋ ಎಂದು ಕೈಯೆತ್ತಿ, ಕುರ್ಚಿಯ ಬೆನ್ನು ತಟ್ಟಿದರು. ಅವಳು ಸೊನ್ನೆ ಹಾಕಿದಳು. ಎಷ್ಟು ಹಗುರವಾದ ಕೀಲಿ ಅದು, ಬೆರಳು ಇಟ್ಟರೆ ಸಾಕು. ಹಳದಿ ಸಾಲು ಹೋಯಿತು. ‘ಎಲ್ಲ ಎಚ್ಚರಿಕೆಗಳನ್ನೂ ಪರಿಶೀಲಿಸಿ ನಿವಾರಿಸಲಾಗಿದೆ’ ಎಂಬ ಕಾಗದಕ್ಕೆ ಎಲ್ಲರೊಂದಿಗೆ ಸಹಿ ಹಾಕಿ, ತನ್ನ ಪ್ರತಿಯನ್ನು ಚೀಲಕ್ಕೆ ತುರುಕಿದಾಗ ಅದು ಬೀಗಕ್ಕೆ ಸಿಕ್ಕಿ ಮಡಿಚಿಕೊಂಡಿತು. ಮೆಟ್ಟಿಲು ಇಳಿಯುವಾಗ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು, ಅದೂ ಯಾರ ಮೇಲೆಂದು ತಿಳಿಯದ ಸಿಟ್ಟು. ಪೊರಕೆಯ ಮೇಲೆ ಅಂದುಕೊಂಡರೆ ಅವರು ಹೇಳಿದ್ದು ಸರಿಯಾಗಿತ್ತು. ಕಂಪೈಲರಿನ ಮೇಲೆ ಅಂದುಕೊಂಡರೆ, ತಪ್ಪಿಲ್ಲದ ಮುನ್ನೂರ ನಲವತ್ತೊಂದು ಕಡೆ ಬೆರಳು ತೋರಿಸಿ ತಪ್ಪಿರುವ ಒಂದೇ ಕಡೆ ಅದು ಸುಮ್ಮನಿತ್ತಲ್ಲ, ಸುಮ್ಮನಿರಲು ಕಲಿಸಿದ್ದು ಯಾರು?

ಸೇತುವೆ ಬಂತು. ಈ ಹೊತ್ತು ಅವಳು ರಸ್ತೆ ದಾಟಲಿಲ್ಲ.

ತಿರುಪಪ್ಪನ ಅಂಗಡಿ ಎಂದರೆ ಒಂದು ಮಡಿಚುವ ಮೇಜು, ಒಂದು ಕುರ್ಚಿ, ತಂತಿಗೆ ಪೋಣಿಸಿ ನೇತುಹಾಕಿದ ನೂರಾರು ಬೀಗದ ಕೈಗಳು. ಮೇಲೆ ಗಾಡಿ ಹೋದಾಗೆಲ್ಲ ಅವು ಒಟ್ಟಿಗೆ ನಡುಗುತ್ತಿದ್ದವು. ಅವನು ತಲೆಯೆತ್ತಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಮತ್ತೆ ನೋಡಿದ. “ಓಹೋ, ತಂಗಿ! ಆಚೆ ಬದೀಲಿ ಹೋಗೋಳು ಈ ಕಡೆ ಹೇಗೆ ಬಂದೆ?” ನೋಡಿದ್ದನಲ್ಲ, ಒಂಬತ್ತು ವರ್ಷವೂ ನೋಡುತ್ತಿದ್ದನಲ್ಲ. ಅವಳು ಬೀಗ ತೆಗೆದು ಮೇಜಿನ ಮೇಲಿಟ್ಟಳು. ಅವನು ಸವೆದ ಕೈಯನ್ನು ಬೆಳಕಿಗೆ ಹಿಡಿದು, ಹೊಸ ಹಿತ್ತಾಳೆ ಕೈಯೊಂದನ್ನು ಅದರ ಪಕ್ಕ ಇಕ್ಕಳದಲ್ಲಿ ಕಚ್ಚಿಸಿ ಅರ ಹಾಕತೊಡಗಿದ. ಮಾತು ಅರದ ಜೊತೆ ಹೋಗಿ ಬಂದು ಮಾಡುತ್ತಿತ್ತು. “ಮೂರು ಸಲ ಹಾಕಿ ನೋಡಿ ಕೊಡ್ತೀನಿ, ಸ್ವಲ್ಪ ತಡ ಆಗುತ್ತೆ, ಬೈಕೋಬೇಡ. ಆವತ್ತಿಂದ ನಂಗೆ ಇದೊಂದು ರೋಗ. ಮಂಚದ ತಿರುಪು ಬಿಗಿ ಮಾಡ್ತೀನಿ, ಮಲಗ್ತೀನಿ, ಎದ್ದು ಮತ್ತೆ ಬಿಗಿ ಮಾಡ್ತೀನಿ. ಅಳಿಯ ನಗ್ತಾನೆ. ಯಾರಾದ್ರೂ ಮನೆಗೆ ಬಂದ್ರೆ ಸಾಕು, ‘ಆ ಕುರ್ಚಿ ಬೇಡಿ, ಅದು ನಮ್ಮ ಮಾವ ಬಿಗಿ ಮಾಡಿದ್ದು’ ಅಂತಾನೆ. ಎಲ್ರೂ ನಗ್ತಾರೆ, ನಾನೂ ನಗ್ತೀನಿ. ಏನು ಮಾಡೋದು, ಆ ತಿರುಪು ಬಿಗಿ ಮಾಡಿದ್ದೆ ಅಂತ ಕೈಗೆ ನೆನಪಿದೆ ತಂಗಿ. ಆದ್ರೆ ಕೈನ ನಂಬೋದು ಹೇಗೆ?”

“ಅಣ್ಣ, ಅರ ನಿಲ್ಸಿ” ಎಂದಳು ಅವಳು. ಅವನು ನಿಲ್ಲಿಸಿದ. ಅವಳು ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ, ತಲೆನೋವಿನಿಂದ, ರಸ್ತೆ ಅಗೆಯುತ್ತಿದ್ದ ಸದ್ದಿನಿಂದ ಶುರುವಾಗಿ ಎಲ್ಲೆಲ್ಲೋ ಹೋಗಿ, ಕೊನೆಗೆ ಲಿಫ್ಟಿಗೆ ಬಂತು. ಕರೆಂಟು ಬಂದ ಮೊದಲ ಎರಡು ಸೆಕೆಂಡು ಅದು ತಾನೆಲ್ಲಿದೆಯೋ ತಿಳಿಯದು ಎನ್ನಬೇಕಿತ್ತು, ನಾನು ಅದರ ಬಾಯಲ್ಲಿ ನೆಲದ ಮೇಲಿದ್ದೇನೆ ಅನ್ನಿಸಿದೆ, ಅದು ಬಾಗಿಲು ತೆಗೆಯಿತು. ಮೇಲೆ ಒಂದು ಲಾರಿ ಹೋಯಿತು, ಕೈಗಳೆಲ್ಲ ನಡುಗಿ ನಿಂತವು.

“ಹಾಗಾದ್ರೆ ತಿರುಪು?”

“ತಿರುಪು ಬಿಗಿ ಇದ್ರೂ ಬಾಗಿಲು ತೆಗೀತಿತ್ತು. ಸಡಿಲ ಇದ್ರೂ, ನಾನು ಕೈ ಹಾಕದಿದ್ರೆ, ತೆಗೀತಿರ್ಲಿಲ್ಲ.”

“ಅದಲ್ಲ ನಾನು ಕೇಳಿದ್ದು. ಸಡಿಲ ಇತ್ತಾ, ಇರ್ಲಿಲ್ವಾ?”

ಇರಲಿಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು. ಅವನ ಮುಖ ಅದನ್ನೇ ಬೇಡುತ್ತಿತ್ತು. ಅವಳು ಬಾಯಿ ತೆರೆದಳು. “ಗೊತ್ತಿಲ್ಲ ಅಣ್ಣ” ಎಂದಳು.

ಅವನು ಅರದ ಪುಡಿಯನ್ನು ಬೆರಳಿಂದ ಒಂದು ಕಡೆ ಗುಡ್ಡೆ ಮಾಡಿದ. “ಆವತ್ತು ಆ ಕೋಣೇಲಿ ಇಷ್ಟೇ ಹೇಳಿದ್ರೆ ಸಾಕಿತ್ತಲ್ಲ ಮೇಡಂ” ಎಂದ. ತಂಗಿ ಎನ್ನಲಿಲ್ಲ. ದನಿಯೇರಲಿಲ್ಲ, ಏರಿದ್ದರೆ ಅವಳಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು. ಆಮೇಲೆ ಅವನು ಕೇಳಿದ, “ಬರೆದುಕೊಡ್ತೀರಾ?”

ಚೀಲದಲ್ಲಿ ಬೇರೆ ಕಾಗದವಿರಲಿಲ್ಲ. ಅವಳು ಮಡಿಚಿಕೊಂಡಿದ್ದ ಆ ಪ್ರತಿಯನ್ನು ತೆಗೆದು, ಮೇಜಿನ ಮೇಲೆ ನೇವರಿಸಿ, ಮಗುಚಿ ಹಾಕಿದಳು. ಬೆನ್ನ ಮೇಲೆ ಬರೆದಳು. ಫೈಲಿನ ಹೆಸರು, ಸಾಲಿನ ಅಂಕೆ, ಆ ಮಧ್ಯಾಹ್ನದ ತಾರೀಖು, ತಾನು ಏನು ಅಳಿಸಿದೆ, ಏನು ಹಾಕಿದೆ, ವಿಚಾರಣೆಯಲ್ಲಿ ಏನು ಹೇಳಿದೆ, ಅದು ಹೇಗೆ ತಪ್ಪು. ಮುಂಭಾಗದ ಸಹಿ ಕಾಗದದ ಮೂಲಕ ಉಬ್ಬಿ ಬೆರಳಿಗೆ ತಾಗುತ್ತಿತ್ತು. ಈ ಕಾಗದ ಕಂಪನಿಗೆ ಹೋದರೆ ನಾಳೆ ತನ್ನ ಕುರ್ಚಿ ಇರುವುದಿಲ್ಲ, ಹೋಗದಿದ್ದರೆ ಅದು ಇವನ ಜೇಬಿನಲ್ಲಿ ಇದ್ದೇ ಇರುತ್ತದೆ, ಎರಡರಲ್ಲಿ ಯಾವುದೆಂದು ತೀರ್ಮಾನಿಸುವುದು ಇನ್ನು ಮುಂದೆ ತನ್ನ ಕೈಯಲ್ಲಿಲ್ಲ ಎಂದು ಅವಳಿಗೆ ಹೊಳೆದಾಗ ಪೆನ್ನು ಒಂದು ಕ್ಷಣ ನಿಂತಿತು, ಮತ್ತೆ ಹೊರಟಿತು. ಅವನು ಕಾಗದವನ್ನು ಕೈ ಚಾಚಿ ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದ. ಮತ್ತೊಮ್ಮೆ ಓದಿದ. “ಇಲ್ಲಿ ಪೂರ್ತಿ ಹೆಸರು ಬರೀರಿ” ಎಂದ. ಬರೆದಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ, ಹಿಂದೆ ತಿರುಪುಗಳಿರುತ್ತಿದ್ದ ಜೇಬಿಗೆ ಹಾಕಿ, ಮೇಲಿನ ಗುಂಡಿ ಹಾಕಿಕೊಂಡ.

ಆಮೇಲೆ ಅವನು ಅರ ಕೈಗೆತ್ತಿಕೊಂಡು ಉಳಿದ ಎರಡು ಹಲ್ಲು ಕೊರೆದ. ಕೈಯನ್ನು ಇಕ್ಕಳದಿಂದ ಬಿಡಿಸಿ, ಒಮ್ಮೆ ಉಫ್ ಎಂದು ಪುಡಿ ಊದಿದ. ಬೀಗ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಅವನು ಅದನ್ನು ಎತ್ತಿಕೊಳ್ಳಲೆಂದು ಅವಳು ಕಾಯುತ್ತ ನಿಂತಳು. ಅವನು ಬೀಗವನ್ನು ಅವಳ ಕಡೆ ತಳ್ಳಿ, ಅರ ತಿಕ್ಕಿ ಇನ್ನೂ ಬಿಸಿಯಿದ್ದ ಹೊಸ ಕೈಯನ್ನು ಅದರ ಮೇಲಿಟ್ಟ.

“ಹಾಕಿ ನೋಡಲ್ವಾ?” ಎಂದಳು.

“ಬೇಡ” ಎಂದ ಅವನು, ಮುಂದಿನ ಗಿರಾಕಿಯ ಕಡೆ ಕೈ ಚಾಚುತ್ತ. “ತಿರುಗದಿದ್ರೆ ನಾಳೆ ಬನ್ನಿ. ಆಗ ತಪ್ಪು ನಂದು.”